ಕಿಶೋರರ ಆರೋಗ್ಯವೂ ಸಾಲೆಯ ಸಮೀಕ್ಷೆಯೂ

(ಕರಜಗಿಯಲ್ಲಿ ಪಾಲಕರು ಮತ್ತು ಶಿಕ್ಷಕರು ನೆರೆದ ಸಭೆಯಲ್ಲಿ ಮಾಡಿದ ಉಪನ್ಯಾಸ)



ಪ್ರತಿವರುಷವೂ ವೈಶಾಖಮಾಸದ ಸುಮಾರಿಗೆ ಹತ್ತನೆಯ ತರಗತಿಯ ಪರೀಕ್ಷೆಯ ಫಲಿತಾಂಶವು ಪ್ರಕಟವಾಗುವದು. ಅಂದು ಕರಜಗಿಯ ಕಟ್ಟೆಗಳ ಮೇಲೆಯೂ ಅಫಜಲಪುರದ ಚಹದ ಅಂಗಡಿಗಳಲ್ಲಿಯೂ ನಡೆಯುವ ಮಾತು ಒಂದೇ: ಯಾವ ಜಿಲ್ಲೆಗೆ ಎಷ್ಟನೆಯ ಸ್ಥಾನ, ಯಾರ ಮಗನಿಗೆ ಎಷ್ಟು ಅಂಕ. ೨೦೨೫ನೆಯ ಇಸವಿಯಲ್ಲಿ ಕಲಬುರಗಿ ಜಿಲ್ಲೆಗೆ ರಾಜ್ಯದಲ್ಲಿ ಕಡೆಯ ಸ್ಥಾನವು ಬಂದಿತು. ಮೊದಲನೆಯ ಪರೀಕ್ಷೆಗೆ ಕುಳಿತ ನೂರು ಮಕ್ಕಳಲ್ಲಿ ಸುಮಾರು ೪೨ ಮಕ್ಕಳು ಮಾತ್ರವೇ ಉತ್ತೀರ್ಣರಾದರು. ಜಿಲ್ಲೆಯ ಮಾನವು ಹೋಯಿತೆಂದು ಪತ್ರಿಕೆಗಳಲ್ಲಿ ಬಹಳ ದಿವಸ ಚರ್ಚೆ ನಡೆಯಿತು. ಉಳಿದ ಐವತ್ತೆಂಟು ಮಕ್ಕಳು ಆ ರಾತ್ರಿ ಊಟ ಮಾಡಿದರೋ ಇಲ್ಲವೋ, ತಂದೆಯ ಕೈಯಲ್ಲಿ ಪೆಟ್ಟು ತಿಂದರೋ, ಬಾವಿಯ ಕಡೆಗೆ ಹೋದರೋ, ಬೀಡಿ ಹಚ್ಚಿದರೋ, ಮುಂಬಯಿಯ ಬಸ್ಸು ಹತ್ತಿದರೋ, ಇದನ್ನು ಕೇಳಿದವರು ವಿರಳ.

ಮಕ್ಕಳ ಅಂಕಗಳ ಲೆಕ್ಕವು ಇಷ್ಟು ನಿಷ್ಠೆಯಿಂದ ಇಡಲ್ಪಡುವ ನಾಡಿನಲ್ಲಿ ಅವರ ದೇಹ ಮನಸ್ಸುಗಳ ಲೆಕ್ಕವನ್ನು ಇಡಲಾಗದೇ? ಇಡಬಹುದೆಂಬುದನ್ನೂ, ಇಡುವ ಕ್ರಮವು ಲೋಕದಲ್ಲಿ ಮೂರು ದಶಕಗಳಿಗೂ ಹಿಂದಿನಿಂದ ರೂಢಿಯಲ್ಲಿದೆಯೆಂಬುದನ್ನೂ, ಆ ಕ್ರಮದ ಗುಣದೋಷಗಳನ್ನೂ ಈ ಊರಿನ ಪರಿಸ್ಥಿತಿಗೆ ಹೊಂದಿಸಿ ನಿರೂಪಿಸುವದೇ ಈ ಉಪನ್ಯಾಸದ ಉದ್ದೇಶವಾಗಿದೆ.

ಹತ್ತರಿಂದ ಹತ್ತೊಂಬತ್ತು ವರ್ಷದ ವರೆಗಿನ ಪ್ರಾಯವನ್ನು ವಿಶ್ವ ಆರೋಗ್ಯ ಸಂಸ್ಥೆಯವರು ಕಿಶೋರಾವಸ್ಥೆಯೆಂದು ಎಣಿಸಿರುವರು. ೨೦೧೧ರ ಜನಗಣತಿಯ ಪ್ರಕಾರ ಭಾರತದಲ್ಲಿ ಈ ಪ್ರಾಯದವರು ೨೫ ಕೋಟಿಗೂ ಮಿಕ್ಕಿದ್ದರು. ಇವರು ಕೂಸುಗಳಷ್ಟು ಬೇಗ ಜ್ವರಕ್ಕೆ ತುತ್ತಾಗುವವರಲ್ಲ, ಮುದುಕರಂತೆ ಕೆಮ್ಮುವವರೂ ಅಲ್ಲ. ಆದುದರಿಂದ ವೈದ್ಯನ ಕಣ್ಣಿಗೆ ಬೀಳುವದೇ ಇಲ್ಲ. ಆದರೆ ನಲವತ್ತರಲ್ಲಿ ಬಾಯಿಯ ಅರ್ಬುದದಿಂದ ನರಳುವವನು ತಂಬಾಕನ್ನು ಬಾಯಿಗಿಟ್ಟದ್ದು ಹದಿಮೂರರಲ್ಲಿ ಎಂಬುದು ವಿಚಾರಿಸಿದಾಗ ತಿಳಿದುಬರುವದುಂಟು. ಆಯುರ್ವೇದದ ಆಚಾರ್ಯರು ರೋಗವನ್ನು ತಿಳಿಯುವ ಐದು ಬಗೆಗಳನ್ನು ಹೇಳುವಾಗ ನಿದಾನ, ಪೂರ್ವರೂಪ, ರೂಪ, ಉಪಶಯ, ಸಂಪ್ರಾಪ್ತಿ ಎಂದು ಎಣಿಸುವರು. ರೂಪವು ಎಲ್ಲರಿಗೂ ಕಾಣುವದು. ಕಾರಣವನ್ನೂ ಪೂರ್ವರೂಪವನ್ನೂ ಕಾಣಬಲ್ಲವನೇ ವೈದ್ಯನು. ಕಿಶೋರರ ನಡತೆಯನ್ನು ಕುರಿತ ಸಮೀಕ್ಷೆಯು ಒಬ್ಬ ರೋಗಿಯ ನಾಡಿಯನ್ನಲ್ಲ, ಒಂದು ಇಡೀ ಪೀಳಿಗೆಯ ಪೂರ್ವರೂಪವನ್ನು ಹಿಡಿದು ನೋಡುವ ಉಪಾಯವಾಗಿದೆ.

ಈ ಉಪಾಯವು ಮೊದಲು ವ್ಯವಸ್ಥಿತವಾದದ್ದು ಅಮೇರಿಕೆಯಲ್ಲಿ. ೧೯೯೦ರಲ್ಲಿ ಅಲ್ಲಿಯ ರೋಗನಿಯಂತ್ರಣ ಕೇಂದ್ರದವರು ಇದಕ್ಕೊಂದು ಪದ್ಧತಿಯನ್ನು ರಚಿಸಿ, ೧೯೯೧ರಿಂದ ಎರಡು ವರುಷಕ್ಕೊಮ್ಮೆ ಪ್ರೌಢಸಾಲೆಯ ಮಕ್ಕಳನ್ನು ಪ್ರಶ್ನಿಸುತ್ತ ಬಂದರು. ೧೯೯೯ರಲ್ಲಿ ತಂಬಾಕಿನ ವಿಷಯಕ್ಕಾಗಿಯೇ ಹದಿಮೂರರಿಂದ ಹದಿನೈದು ವರ್ಷದ ಮಕ್ಕಳ ಜಾಗತಿಕ ಸಮೀಕ್ಷೆಯು ಪ್ರಾರಂಭವಾಯಿತು. ೨೦೦೩ರಿಂದ ವಿಶ್ವ ಆರೋಗ್ಯ ಸಂಸ್ಥೆಯು ಅಮೇರಿಕೆಯ ಆ ಕೇಂದ್ರದೊಡನೆ ಕೂಡಿ, ಆಹಾರ, ಶುಚಿ, ಮದ್ಯ, ತಂಬಾಕು, ಮಾದಕ ಪದಾರ್ಥ, ದೈಹಿಕ ಚಟುವಟಿಕೆ, ಮನಸ್ಸಿನ ಸ್ಥಿತಿ, ಹೊಡೆದಾಟ, ಅಪಘಾತ ಮೊದಲಾದ ಯಾವತ್ತೂ ವಿಷಯಗಳನ್ನೊಳಗೊಂಡ ಸಮೀಕ್ಷೆಯನ್ನು ಅನೇಕ ದೇಶಗಳಲ್ಲಿ ನಡೆಸತೊಡಗಿತು. ಭಾರತದಲ್ಲಿ ಅದು ೨೦೦೭ರಲ್ಲಿ ನಡೆಯಿತು. ಆದರೆ ಕೇಂದ್ರೀಯ ಮಂಡಳಿಗೆ ಸೇರಿದ ಸಾಲೆಗಳಲ್ಲಿ ಮಾತ್ರ. ಕರಜಗಿಯಂಥ ಊರಿನ ಸರಕಾರಿ ಪ್ರೌಢಸಾಲೆಯ ಹುಡುಗನು ಆ ಲೆಕ್ಕದೊಳಗೆ ಬರುವ ಸಂಭವವೇ ಇರಲಿಲ್ಲ. ಕೇಂದ್ರೀಯ ಮಂಡಳಿಯ ಸಾಲೆಯ ಮಗುವಿನ ಮಧ್ಯಾಹ್ನವೂ ತೊಗರಿಯ ಹೊಲದಲ್ಲಿ ಕೆಲಸಕ್ಕೆ ನಿಲ್ಲುವ ಮಗುವಿನ ಮಧ್ಯಾಹ್ನವೂ ಒಂದೇ ಆಗಿರುವದಿಲ್ಲವೆಂಬುದನ್ನು ಬಿಡಿಸಿ ಹೇಳಬೇಕಾದ ಕಾರಣವಿಲ್ಲ.

ಸಮೀಕ್ಷೆಯನ್ನು ನಡೆಸುವ ರೀತಿಯು ಸರಳವಾಗಿದ್ದರೂ ಅದರ ಹಿಂದಿನ ವಿವೇಕವು ಮನನೀಯವಾಗಿದೆ. ನಾಡಿನ ಎಲ್ಲ ಮಕ್ಕಳನ್ನೂ ಕೇಳುವದು ಅಸಾಧ್ಯವಷ್ಟೆ. ಸ್ಥಾಲೀಪುಲಾಕನ್ಯಾಯವನ್ನು ಪಾಠಶಾಲೆಯಲ್ಲಿ ಓದಿದವರೆಲ್ಲರೂ ಬಲ್ಲರು. ಅಡಿಗೆಯ ಮನೆಯಲ್ಲಿರುವ ತಾಯಂದಿರು ಓದದೆಯೇ ಬಲ್ಲರು. ಒಂದು ಅಗುಳನ್ನು ಹಿಚುಕಿ ನೋಡಿ ಗಡಿಗೆಯ ಅನ್ನವೆಲ್ಲ ಬೆಂದಿತೋ ಇಲ್ಲವೋ ಎಂದು ನಿರ್ಣಯಿಸುವದು. ಆದರೆ ಆ ತಾಯಿಯು ಮೊದಲು ಸೌಟು ಹಾಕಿ ಅನ್ನವನ್ನು ಕೆಳಗುಮೇಲು ಮಾಡುವಳೆಂಬುದನ್ನು ತಾರ್ಕಿಕರು ಮರೆತರೂ ಸಮೀಕ್ಷಕರು ಮರೆಯುವಂತಿಲ್ಲ. ಮೇಲಿನ ಅಗುಳನ್ನಷ್ಟೇ ನೋಡಿದರೆ ತಳ ಹೊತ್ತಿದ್ದು ತಿಳಿಯದು. ಆದುದರಿಂದ ಅವರು ಮುಖ್ಯಾಧ್ಯಾಪಕರು ತೋರಿಸಿದ ಒಳ್ಳೆಯ ಸಾಲೆಯನ್ನಾಗಲಿ, ಜಾಣ ಮಕ್ಕಳನ್ನಾಗಲಿ ಆರಿಸಿಕೊಳ್ಳುವದಿಲ್ಲ. ಎಲ್ಲ ಸಾಲೆಗಳ ಯಾದಿಯನ್ನು ಮಾಡಿ, ಮಕ್ಕಳ ಸಂಖ್ಯೆಗೆ ತಕ್ಕಂತೆ ಅವಕಾಶವಿಟ್ಟು, ಚೀಟಿ ಎತ್ತಿದ ಹಾಗೆ ಕೆಲವು ಸಾಲೆಗಳನ್ನು ಎತ್ತುವರು. ಪುನಃ ಆ ಸಾಲೆಗಳಲ್ಲಿ ಕೆಲವು ತರಗತಿಗಳನ್ನು ಅದೇ ಕ್ರಮದಿಂದ ಎತ್ತಿ, ಆ ತರಗತಿಯಲ್ಲಿ ಅಂದು ಹಾಜರಿದ್ದ ಎಲ್ಲ ಮಕ್ಕಳ ಕೈಯಲ್ಲಿಯೂ ಪ್ರಶ್ನೆಗಳನ್ನು ಕೊಡುವರು.

ಉತ್ತರದ ಕಾಗದದ ಮೇಲೆ ಹೆಸರು ಬರೆಯುವದಿಲ್ಲ. ಹಾಜರಿಯ ಸಂಖ್ಯೆಯನ್ನೂ ಬರೆಯುವದಿಲ್ಲ. ಮನಸ್ಸಿಲ್ಲದ ಮಗುವು ಉತ್ತರಿಸದೆ ಸುಮ್ಮನೆ ಕುಳಿತಿರಬಹುದು. ಶಿಕ್ಷಕರು ಬೆಂಚುಗಳ ನಡುವೆ ಸುಳಿದಾಡಬಾರದು. ‘ನೀನು ತಂಬಾಕು ತಿನ್ನುತ್ತೀಯಾ’ ಎಂದು ಕೇಳದೆ, ‘ಕಳೆದ ಮೂವತ್ತು ದಿವಸಗಳಲ್ಲಿ ಎಷ್ಟು ದಿವಸ’ ಎಂದು ಕೇಳುವರು. ಇದರಲ್ಲಿ ಒಂದು ಸೂಕ್ಷ್ಮವುಂಟು. ಮೊದಲನೆಯ ಪ್ರಶ್ನೆಯು ಮಗುವಿನ ಶೀಲವನ್ನು ಕೇಳುವದು. ಅದಕ್ಕೆ ಯಾವ ಮಗುವೂ ಅಲ್ಲಗಳೆಯುವದು ಸಹಜ. ಎರಡನೆಯದು ನಡೆದ ಸಂಗತಿಯನ್ನು ಮಾತ್ರ ಕೇಳುವದು. ತಪ್ಪಿತಸ್ಥನನ್ನು ಹುಡುಕುವ ಪ್ರಶ್ನೆಗೂ ಸಂಗತಿಯನ್ನು ತಿಳಿಯುವ ಪ್ರಶ್ನೆಗೂ ಇರುವ ಅಂತರವು ಮನೆಯಲ್ಲಿ ಮಕ್ಕಳೊಡನೆ ಮಾತಾಡುವ ಪಾಲಕರಿಗೂ ತಿಳಿದಿದ್ದರೆ ಎಷ್ಟೋ ಲೇಸಾಗುತ್ತಿತ್ತು.

೨೦೧೯ರಲ್ಲಿ ಮುಂಬಯಿಯ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆಯವರು ಭಾರತದ ತಂಬಾಕು ಸಮೀಕ್ಷೆಯ ನಾಲ್ಕನೆಯ ಆವೃತ್ತಿಯನ್ನು ನಡೆಸಿದರು. ೯೮೭ ಸಾಲೆಗಳಲ್ಲಿ ಹದಿಮೂರರಿಂದ ಹದಿನೈದು ವರ್ಷದ ೮೦,೭೭೨ ಮಕ್ಕಳ ಉತ್ತರಗಳು ಗಣನೆಗೆ ಬಂದವು. ದೇಶದಲ್ಲಿ ನೂರಕ್ಕೆ ೮.೫ ಮಕ್ಕಳು ಆ ಹೊತ್ತಿಗೆ ಒಂದಿಲ್ಲೊಂದು ಬಗೆಯ ತಂಬಾಕನ್ನು ಬಳಸುತ್ತಿದ್ದರು. ಹುಡುಗರು ನೂರಕ್ಕೆ ೯.೬, ಹುಡುಗಿಯರು ೭.೪. ಹುಡುಗಿಯರ ಅಂಕೆಯು ಹುಡುಗರದಕ್ಕೆ ಇಷ್ಟು ಸಮೀಪವಿರುವದನ್ನು ನೋಡಿ ಅನೇಕರು ಬೆರಗಾದರು. ಅರುಣಾಚಲ ಮತ್ತು ಮಿಜೋರಾಮ ರಾಜ್ಯಗಳಲ್ಲಿ ಈ ಅಂಕೆಯು ೫೮ಕ್ಕೆ ಏರಿತ್ತು. ಕರ್ನಾಟಕದಲ್ಲಿ ಮಾತ್ರ ನೂರಕ್ಕೆ ೧.೨. ಹಿಮಾಚಲ ಪ್ರದೇಶವೊಂದನ್ನು ಬಿಟ್ಟರೆ ಇಷ್ಟು ಕಡಿಮೆಯ ಅಂಕೆಯು ಬೇರೆಲ್ಲಿಯೂ ಇರಲಿಲ್ಲ.

ಈ ಅಂಕೆಯನ್ನು ಕೇಳಿ ಹಿಗ್ಗುವವರೂ ಉಂಟು, ನಗುವವರೂ ಉಂಟು. ಎರಡೂ ಆತುರದ ಕೆಲಸ. ಬಸ್ ನಿಲ್ದಾಣದ ಗೋಡೆಯ ಕೆಂಪು ಉಗುಳನ್ನು ನೋಡಿದವರು ನಗಬಹುದು. ಆದರೆ ಆ ಉಗುಳು ಯಾವ ಪ್ರಾಯದವನದೆಂಬುದು ಗೋಡೆಯ ಮೇಲೆ ಬರೆದಿರುವದಿಲ್ಲ. ಹಿಗ್ಗುವವರಾದರೋ ಮೂರು ಮಾತುಗಳನ್ನು ನೆನಪಿನಲ್ಲಿಡಬೇಕು. ಆ ಸಮೀಕ್ಷೆಯು ಇಡೀ ರಾಜ್ಯದ ಸರಾಸರಿಯನ್ನು ತಿಳಿಯುವದಕ್ಕಾಗಿ ರಚಿತವಾದದ್ದು. ಕರಾವಳಿಯ ಮಗುವೂ ಬೆಂಗಳೂರಿನ ಮಗುವೂ ಭೀಮಾತೀರದ ಮಗುವೂ ಒಂದೇ ಗಡಿಗೆಯಲ್ಲಿ ಕೂಡಿರುವರು. ಅದು ಸಾಲೆಯಲ್ಲಿ ಹಾಜರಿದ್ದ ಮಕ್ಕಳ ಲೆಕ್ಕ. ಮೂರನೆಯದಾಗಿ ಅದು ಮಕ್ಕಳು ಬಾಯಿಬಿಟ್ಟು ಹೇಳಿದ ಲೆಕ್ಕ; ಶಿಕ್ಷೆಯ ಭಯವು ಎಲ್ಲಿ ಹೆಚ್ಚೋ ಅಲ್ಲಿ ಹೇಳುವವರು ಕಡಿಮೆಯಾಗುವರು.

ಅದೇ ಸಮೀಕ್ಷೆಯ ಮತ್ತೊಂದು ಫಲವು ಇದಕ್ಕಿಂತ ಗಂಭೀರವಾದದ್ದು. ಸಿಗರೇಟು ಸೇದಿದ ಮಕ್ಕಳಲ್ಲಿ ನೂರಕ್ಕೆ ೩೮, ಬೀಡಿ ಸೇದಿದವರಲ್ಲಿ ೪೭, ಹೊಗೆಯಿಲ್ಲದ ತಂಬಾಕನ್ನು ಬಳಸಿದವರಲ್ಲಿ ೫೨ ಮಕ್ಕಳು ಅದನ್ನು ಹತ್ತು ವರ್ಷ ತುಂಬುವ ಮೊದಲೇ ಪ್ರಾರಂಭಿಸಿದ್ದರು. ಹಾಗಾದರೆ ಎಂಟನೆಯ ತರಗತಿಯಲ್ಲಿ ವ್ಯಸನದ ಮೇಲೆ ಪಾಠ ಹೇಳುವ ಪರಿಪಾಠವು ಅರ್ಧ ಮಕ್ಕಳ ಮಟ್ಟಿಗೆ ಮಳೆ ಹೋದ ಮೇಲೆ ಬಿತ್ತಿದಂತೆಯೇ ಸರಿ. ನಾಲ್ಕನೆಯ ತರಗತಿಯ ಮಗುವಿಗೆ ಇದನ್ನು ಹೇಗೆ ಹೇಳಬೇಕೆಂಬುದು ವಿಚಾರಣೀಯ ವಿಷಯ. ಆ ಮಗುವಿಗೆ ಅದನ್ನು ಕೊಡುವವನು ಅಂಗಡಿಯವನೇ ಎಂದೇನೂ ಇಲ್ಲ. ‘ಹೋಗಿ ಒಂದು ಪುಡಿ ತಾ’ ಎಂದು ಕಳಿಸಿದ ದೊಡ್ಡಪ್ಪನೂ ಆಗಿರಬಹುದು.

ಮಹಾರಾಷ್ಟ್ರದ ಗಡಿಗೆ ಸಮೀಪವಾದ ಈ ಸೀಮೆಯಲ್ಲಿ ಪ್ರಶ್ನೆಯ ಭಾಷೆಯೂ ಒಂದು ಸಮಸ್ಯೆಯಾಗಿದೆ. ಇಲ್ಲಿ ಕನ್ನಡದ ಮನೆಗಳಿವೆ, ಮರಾಠಿಯ ಮನೆಗಳಿವೆ, ಉರ್ದುವಿನ ಮನೆಗಳಿವೆ, ತಾಂಡಾಗಳಲ್ಲಿ ಲಂಬಾಣಿ ನುಡಿ ಇದೆ. ತಂಬಾಕೆಂದರೆ ಒಂದೇ ಪದಾರ್ಥವಲ್ಲ. ಹುರಿದು ಕಪ್ಪಾಗಿಸಿದ ತಂಬಾಕಿನ ಪುಡಿಯಾದ ಮಿಶ್ರಿಯನ್ನು ಹಲ್ಲಿಗೆ ತಿಕ್ಕುವ ಅಜ್ಜಿಯು ತಾನು ತಂಬಾಕು ಬಳಸುವೆನೆಂದು ಎಂದೂ ಹೇಳಲಾರಳು. ಅದು ಆಕೆಗೆ ಹಲ್ಲುಪುಡಿ. ಆಕೆಯ ಮಗ್ಗುಲಲ್ಲಿ ಕುಳಿತು ಬೆರಳಿಗೆ ಹಚ್ಚಿಕೊಳ್ಳುವ ಮೊಮ್ಮಗಳೂ ಹಾಗೆಯೇ ತಿಳಿದಿರುವಳು. ಕರ್ನಾಟಕದಲ್ಲಿ ಗುಟಕಾ ೨೦೧೩ರಲ್ಲಿ ನಿಷಿದ್ಧವಾಯಿತು. ಆ ಬಳಿಕ ಅಡಿಕೆಯ ಮಸಾಲೆ ಒಂದು ಚೀಟಿಯಲ್ಲಿ, ತಂಬಾಕು ಮತ್ತೊಂದು ಚೀಟಿಯಲ್ಲಿ ಬರತೊಡಗಿ, ಬೆರಸುವ ಕೆಲಸವು ತಿನ್ನುವವನ ಅಂಗೈಗೆ ಬಂದಿತು. ‘ಗುಟಕಾ ತಿನ್ನುವೆಯಾ’ ಎಂದರೆ ‘ಇಲ್ಲ’ ಎನ್ನುವ ಹುಡುಗನು ಸುಳ್ಳು ಹೇಳುತ್ತಿಲ್ಲ. ಆದಕಾರಣ ಪ್ರಶ್ನೆಗಳನ್ನು ರಚಿಸುವವರು ಮೊದಲು ಕಿರಾಣಿ ಅಂಗಡಿಯ ಮುಂದೆ ಅರ್ಧ ದಿವಸ ನಿಂತು ಹೆಸರುಗಳನ್ನು ಬರೆದುಕೊಳ್ಳುವದು ಅವಶ್ಯ.

ತಂಬಾಕಿನ ಮಾತು ದೀರ್ಘವಾಯಿತು. ಏಕೆಂದರೆ ಅದರ ಲೆಕ್ಕವು ಚೆನ್ನಾಗಿ ಸಿಕ್ಕುತ್ತದೆ. ಸಿಕ್ಕದ ಲೆಕ್ಕಗಳು ಇದಕ್ಕಿಂತ ಹೆಚ್ಚಿನವಾಗಿವೆ. ಹದಿನಾಲ್ಕು ವರ್ಷದ ಹುಡುಗನು ತಂದೆಯ ಮೋಟಾರು ಸೈಕಲ್ಲಿನ ಮೇಲೆ ಇಬ್ಬರು ಗೆಳೆಯರನ್ನು ಕೂಡಿಸಿಕೊಂಡು ಜಾತ್ರೆಗೆ ಹೋಗುವದನ್ನು ಊರವರು ಪೌರುಷವೆಂದು ತಿಳಿದು ನಗುವರು. ೨೦೧೯ರ ಮೋಟಾರು ವಾಹನ ತಿದ್ದುಪಡಿ ಕಾಯದೆಯು ಅದಕ್ಕಾಗಿ ಪಾಲಕನಿಗೆ ೨೫,೦೦೦ ರೂಪಾಯಿ ದಂಡವನ್ನೂ ಮೂರು ವರುಷದ ವರೆಗಿನ ಸೆರೆಯನ್ನೂ ವಿಧಿಸಿರುವದು ಆ ನಗುವವರಿಗೆ ಗೊತ್ತಿರಲಿಕ್ಕಿಲ್ಲ. ಹೆಣ್ಣುಮಕ್ಕಳ ವಿಷಯದಲ್ಲಿ, ೨೦೧೯-೨೦ರಲ್ಲಿ ಕರ್ನಾಟಕದಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಹದಿನೈದರಿಂದ ಹತ್ತೊಂಬತ್ತರ ಪ್ರಾಯದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆ ಇತ್ತು. ಮುಂಜಾನೆ ಉಪವಾಸವೇ ಸಾಲೆಗೆ ಬರುವ ಹುಡುಗಿಯರೆಷ್ಟು, ತಿಂಗಳ ದಿವಸಗಳಲ್ಲಿ ಸಾಲೆ ಬಿಡುವವರೆಷ್ಟು, ವಾರಕ್ಕೊಮ್ಮೆ ಸಾಲೆಯಲ್ಲಿ ಕೊಡುವ ಕಬ್ಬಿಣಾಂಶದ ಗುಳಿಗೆಯನ್ನು ನುಂಗುವವರೆಷ್ಟು, ಕಿಟಕಿಯಿಂದ ಹೊರಗೆ ಎಸೆಯುವವರೆಷ್ಟು, ಇವು ಮಕ್ಕಳನ್ನು ಕೇಳಿಯೇ ತಿಳಿಯತಕ್ಕ ಸಂಗತಿಗಳು.

ಮನಸ್ಸಿನ ಮಾತು ಇನ್ನೂ ಗೂಢವಾದದ್ದು. ‘ಕಳೆದ ಹನ್ನೆರಡು ತಿಂಗಳಲ್ಲಿ ನೀನು ಒಂಟಿಯೆಂದು ಎಷ್ಟು ಸಲ ಅನಿಸಿತು, ಚಿಂತೆಯಿಂದ ನಿದ್ರೆ ಬಾರದ ರಾತ್ರಿಗಳು ಎಷ್ಟು, ನಿನಗೆ ಆಪ್ತರಾದ ಗೆಳೆಯರು ಎಷ್ಟು ಮಂದಿ’ ಎಂಬ ಪ್ರಶ್ನೆಗಳನ್ನು ಜಾಗತಿಕ ಸಮೀಕ್ಷೆಯವರು ಕೇಳುವರು. ಹಾಗೆಯೇ ‘ನಿನ್ನ ಕಷ್ಟವನ್ನು ನಿನ್ನ ತಂದೆತಾಯಿಗಳು ಎಷ್ಟು ಸಲ ಅರಿತುಕೊಂಡರು’ ಎಂಬ ಅರ್ಥದ ಪ್ರಶ್ನೆಯೂ ಅಲ್ಲಿರುವದು. ಈ ಒಂದು ಪ್ರಶ್ನೆಗೆ ತಮ್ಮ ಮಗನು ಏನು ಉತ್ತರವನ್ನು ಗುರುತು ಹಾಕಿಯಾನೆಂದು ಇಲ್ಲಿ ನೆರೆದ ಪಾಲಕರು ಒಂದು ಗಳಿಗೆ ಊಹಿಸಿ ನೋಡಬಹುದು.

ಸಾಲೆಯ ಸಮೀಕ್ಷೆಯ ಅತಿ ದೊಡ್ಡ ಕೊರತೆಯು ಅದರ ಹೆಸರಿನಲ್ಲಿಯೇ ಇದೆ. ಸಾಲೆಯನ್ನು ಬಿಟ್ಟ ಮಗುವು ಗಡಿಗೆಯ ಹೊರಗೆ ಚೆಲ್ಲಿದ ಅಗುಳು. ಮೇಲೆ ಹೇಳಿದ ಕುಟುಂಬ ಸಮೀಕ್ಷೆಯಲ್ಲಿ, ಕರ್ನಾಟಕದ ೨೦ರಿಂದ ೨೪ರ ಪ್ರಾಯದ ಸ್ತ್ರೀಯರಲ್ಲಿ ನೂರಕ್ಕೆ ೨೧ ಮಂದಿ ಹದಿನೆಂಟು ತುಂಬುವ ಮೊದಲೇ ಮದುವೆಯಾದವರಿದ್ದರು. ಮದುವೆಯಾದ ಹುಡುಗಿಯು ಬಹುಮಟ್ಟಿಗೆ ಒಂಬತ್ತನೆಯ ತರಗತಿಯ ಬೆಂಚಿನ ಮೇಲೆ ಇರುವದಿಲ್ಲ. ಅಪಾಯವು ಯಾರಿಗೆ ಹೆಚ್ಚೋ ಅವರೇ ಲೆಕ್ಕದ ಹೊರಗೆ. ನೆರೆಯ ವಿಜಾಪುರ ಹಾಗೂ ಬಾಗಲಕೋಟೆ ಜಿಲ್ಲೆಗಳಲ್ಲಿ ೨೦೧೪ರಿಂದ ೨೦೧೭ರ ವರೆಗೆ ಸಮತಾ ಎಂಬ ಹೆಸರಿನ ಕಾರ್ಯವು ನಡೆಯಿತು. ೮೦ ಹಳ್ಳಿಗಳಲ್ಲಿ ಪರಿಶಿಷ್ಟ ಜಾತಿ ಪಂಗಡಗಳ ಹುಡುಗಿಯರನ್ನು, ಸಾಲೆಯಲ್ಲಿ ಉಳಿದರೂ ಸರಿ ಬಿಟ್ಟರೂ ಸರಿ, ಬೆನ್ನುಹತ್ತಿ ಲೆಕ್ಕವಿಡಲಾಯಿತು. ಅರ್ಧ ಹಳ್ಳಿಗಳಲ್ಲಿ ಹುಡುಗಿಯರಿಗೂ ಮನೆಯವರಿಗೂ ತಿಳಿವಳಿಕೆ ಮತ್ತು ಸಹಾಯವನ್ನು ಕೊಟ್ಟು, ಉಳಿದ ಅರ್ಧ ಹಳ್ಳಿಗಳೊಡನೆ ಹೋಲಿಸಿದರು. ಕಡೆಗೆ ಒಟ್ಟು ಫಲದಲ್ಲಿ ಹೇಳಿಕೊಳ್ಳುವಂಥ ಭೇದವು ಕಾಣಲಿಲ್ಲ. ಕಾರ್ಯಕರ್ತರು ಅದನ್ನು ಮುಚ್ಚಿಡದೆ ಪ್ರಕಟಿಸಿದರು. ದುಡಿದ ಕೆಲಸವು ಫಲಿಸಲಿಲ್ಲವೆಂದು ಅಚ್ಚು ಹಾಕಿಸುವ ಧೈರ್ಯವು ಸ್ತುತ್ಯವಾದದ್ದು. ಲೆಕ್ಕವಿಡದೆ ಇದ್ದಿದ್ದರೆ ಅದೂ ಒಂದು ಯಶಸ್ವೀ ಕಾರ್ಯವೆಂದೇ ಭಾಷಣಗಳಲ್ಲಿ ಹೇಳಲ್ಪಡುತ್ತಿತ್ತು.

ಇನ್ನು ಹಿರಿಯರ ಮನಸ್ಸಿನಲ್ಲಿರುವ ಸಂಶಯಗಳ ವಿಚಾರ. ಇಂಥ ಪ್ರಶ್ನೆಗಳನ್ನು ಕೇಳಿದರೆ ಅರಿಯದ ಮಕ್ಕಳಿಗೆ ಕೆಟ್ಟದ್ದನ್ನು ಕಲಿಸಿದಂತಾಗುವದೆಂದು ಕೆಲವರ ವಾದ. ಹತ್ತು ತುಂಬುವ ಮೊದಲೇ ತಂಬಾಕಿನ ರುಚಿ ಕಂಡವರಿಗೆ ಪ್ರಶ್ನಪತ್ರಿಕೆಯು ಕಲಿಸುವದೇನೂ ಉಳಿದಿರುವದಿಲ್ಲ. ಊರಿನ ಮಾನ ಹೋಗುವದೆಂಬುದು ಎರಡನೆಯ ಸಂಶಯ. ಇದು ಹೆಚ್ಚು ಬಲವಾದದ್ದು. ತಮ್ಮ ಸಾಲೆಯ ಲೆಕ್ಕವು ಸೊನ್ನೆಯಾಗಿರಲೆಂಬ ಆಸೆ ಯಾವ ಮುಖ್ಯಾಧ್ಯಾಪಕರಿಗೆ ಇರಲಾರದು? ಆದರೆ ಒಂದು ಸಾಲೆಯಲ್ಲಿ ಶಿಕ್ಷಕರು ಅಕ್ಷರದ ಗುರುತು ಹಿಡಿದು ಒಬ್ಬ ಹುಡುಗನನ್ನು ಕರೆದು ಗದರಿಸಿದರೆಂದು ಇಟ್ಟುಕೊಳ್ಳೋಣ. ಆ ವಾರ್ತೆಯು ಸಂಜೆಯೊಳಗೆ ಹತ್ತು ಊರುಗಳಿಗೆ ಮುಟ್ಟುವದು. ಮರುವರುಷದ ಉತ್ತರಗಳೆಲ್ಲವೂ ಸೊನ್ನೆಯಾಗಿಯೇ ಬರುವವು. ಅಂಥ ಸೊನ್ನೆಯಲ್ಲಿ ಆರೋಗ್ಯವಿಲ್ಲ, ಭಯವಿದೆ.

ಮಠದ ಭಕ್ತರಲ್ಲಿ ಮೂರನೆಯದೊಂದು ಭಾವನೆಯುಂಟು. ಲಿಂಗಧಾರಣೆಯಾದ ಮನೆತನದ ಮಕ್ಕಳು, ಪ್ರಸಾದನಿಲಯದಲ್ಲಿದ್ದು ಓದುವ ಮಕ್ಕಳು ಇಂಥವುಗಳಿಂದ ದೂರವಿರುವರೆಂಬುದೇ ಅದು. ಎದೆಯ ಮೇಲೆ ಲಿಂಗವಿದ್ದವನ ಜೇಬಿನಲ್ಲಿ ಚೀಟಿಯು ಇರಲಾರದೆಂದು ನಂಬುವದು ಭಕ್ತಿಯ ಲಕ್ಷಣವಲ್ಲ, ಆಲಸ್ಯದ ಲಕ್ಷಣ. ಮನೆಯನ್ನು ಬಿಟ್ಟು ಬಂದು ನೂರಾರು ಮಕ್ಕಳ ನಡುವೆ ಮಲಗುವ ಹತ್ತು ವರ್ಷದ ಹುಡುಗನ ಒಂಟಿತನವನ್ನೂ, ದೊಡ್ಡ ಹುಡುಗರ ಕಾಟವನ್ನೂ ವಿಚಾರಿಸುವ ಹೊಣೆಯು ಅವನಿಗೆ ಅನ್ನವಿಟ್ಟವರ ಮೇಲೆಯೇ ಇರುವದು. ಸಮೀಕ್ಷೆಯು ಪ್ರಥಮತಃ ಮಠಗಳ ವಿದ್ಯಾರ್ಥಿನಿಲಯಗಳಲ್ಲಿಯೇ ನಡೆಯುವದು ಯುಕ್ತವಾಗಿದೆ. ನಿಜಾಮರ ಆಳಿಕೆಯಲ್ಲಿ ಈ ಪ್ರಾಂತದಲ್ಲಿ ಕನ್ನಡದ ಸಾಲೆಯು ದೊರೆಯುವದೇ ದುರ್ಲಭವಾಗಿದ್ದಾಗ, ಮಕ್ಕಳನ್ನು ಅಕ್ಷರದ ಬಳಿಗೆ ತರುವದೇ ಮಠಗಳ ಮುಖ್ಯ ಚಿಂತೆಯಾಗಿತ್ತು. ಈಗ ಊರೂರಿಗೆ ಸಾಲೆಯಿದೆ. ಚಿಂತೆಯ ಸ್ವರೂಪವು ಬದಲಾಗಿದೆ.

ಲೆಕ್ಕ ತೆಗೆದ ಮೇಲೆ ಮಾಡುವದೇನು? ಸಾಧನಗಳು ಇಲ್ಲದೆ ಇಲ್ಲ. ೨೦೧೪ರ ಜನವರಿ ೭ರಂದು ಪ್ರಾರಂಭವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದ ಅಂಗವಾಗಿ ಸರಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್ ಎಂಬ ಹೆಸರಿನಿಂದ ಕಿಶೋರರಿಗಾಗಿ ಬೇರೆ ಸಲಹಾಕೇಂದ್ರಗಳಾದವು. ೨೦೨೦ರಲ್ಲಿ ಬಂದ ಸಾಲಾ ಆರೋಗ್ಯ ಕಾರ್ಯಕ್ರಮದ ಪ್ರಕಾರ ಪ್ರತಿ ಸಾಲೆಯಲ್ಲಿ ಇಬ್ಬರು ಶಿಕ್ಷಕರು, ಸಾಧ್ಯವಿದ್ದಲ್ಲಿ ಒಬ್ಬ ಗಂಡಸು ಒಬ್ಬ ಹೆಂಗಸು, ಆರೋಗ್ಯ ರಾಯಭಾರಿಗಳಾಗಿರತಕ್ಕದ್ದು. ಮನಸ್ಸು ಕುಗ್ಗಿದವರಿಗೆ ೨೦೨೨ರಿಂದ ೧೪೪೧೬ ಎಂಬ ಟೆಲಿಮಾನಸ್ ದೂರವಾಣಿಯೂ, ಸಂಕಟದಲ್ಲಿರುವ ಮಕ್ಕಳಿಗೆ ೧೦೯೮ ಎಂಬುದೂ ಹಗಲಿರುಳು ಇವೆ, ದುಡ್ಡು ಬೇಡ. ಈ ಎರಡು ಸಂಖ್ಯೆಗಳನ್ನು ಸಾಲೆಯ ಗೋಡೆಯ ಮೇಲೆ ದೊಡ್ಡ ಅಕ್ಷರಗಳಿಂದ ಬರೆಯಿಸುವದಕ್ಕೆ ಒಂದು ಡಬ್ಬಿ ಬಣ್ಣ ಸಾಕು. ಅಂಗಡಿಗಳ ವಿಷಯದಲ್ಲಿ, ೨೦೦೩ರ ಕಾಯದೆಯು ಹದಿನೆಂಟರೊಳಗಿನವರಿಗೆ ತಂಬಾಕು ಮಾರುವದನ್ನೂ, ವಿದ್ಯಾಲಯಗಳಿಂದ ನೂರು ಗಜದೊಳಗೆ ಮಾರುವದನ್ನೂ ನಿಷೇಧಿಸಿತ್ತು. ೨೦೨೫ರಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿಯು ಆ ವಯಸ್ಸನ್ನು ೨೧ಕ್ಕೆ ಏರಿಸಿದೆ. ದೂರವನ್ನು ಅಳೆಯುವದು ಪೋಲೀಸರ ಕೆಲಸವೆಂದು ಕಾಯುವ ಬದಲು, ಪಂಚಾಯತಿಯವರೂ ಸಾಲೆಯ ಸಮಿತಿಯವರೂ ಒಂದು ಹಗ್ಗವನ್ನು ಹಿಡಿದು ನಡೆದರೆ ಕಾಲು ತಾಸಿನ ಕೆಲಸ. ಅಂಗಡಿಯವನು ಅದೇ ಊರಿನ ಭಕ್ತನೇ ಆಗಿರುವದರಿಂದ ಹಗ್ಗ ಹಿಡಿಯುವದು ಕಷ್ಟವಾಗುವದೆಂಬುದೂ ನಿಜ.

ಕೊನೆಯದಾಗಿ ಕಾಲದ ವಿಚಾರವೊಂದು ಉಳಿದಿದೆ. ದೀಪಾವಳಿಯ ಹೊತ್ತಿಗೆ ಸಕ್ಕರೆಯ ಕಾರಖಾನೆಗಳು ಪ್ರಾರಂಭವಾಗುವವು. ಕಬ್ಬು ಕಡಿಯುವವರ ಗುಂಪುಗಳು ಹೊರಡುವವು. ತಾಂಡಾಗಳಿಂದ ಪುಣೆ ಮುಂಬಯಿಗಳ ಕಟ್ಟಡದ ಕೆಲಸಕ್ಕೆ ಕುಟುಂಬಗಳು ಹೋಗುವವು. ದೊಡ್ಡ ಮಗಳು ತಮ್ಮನನ್ನು ಆಡಿಸಲು, ದೊಡ್ಡ ಮಗನು ಹೊರೆ ಹೊರಲು ಜೊತೆಗೆ ಹೋಗುವರು. ಹಾಜರಿಯ ಪುಸ್ತಕದಲ್ಲಿ ಅವರ ಹೆಸರು ಇರುವದು, ಬೆಂಚಿನ ಮೇಲೆ ಅವರು ಇರುವದಿಲ್ಲ. ಪುಷ್ಯಮಾಸದಲ್ಲಿ ಬಂದು ಪ್ರಶ್ನೆಗಳನ್ನು ಹಂಚಿದವರಿಗೆ ಉಳಿದವರ ಉತ್ತರ ಮಾತ್ರ ಸಿಕ್ಕೀತು. ಆದುದರಿಂದ ಈ ತಾಲೂಕಿನಲ್ಲಿ ಸಮೀಕ್ಷೆಯನ್ನು ಆಷಾಢ ಶ್ರಾವಣಗಳಲ್ಲಿ, ಎಲ್ಲ ಮಕ್ಕಳೂ ಊರಲ್ಲಿರುವಾಗ, ನಡೆಸತಕ್ಕದ್ದು. ಅಂದು ಬಾರದಿದ್ದ ಮಕ್ಕಳ ಯಾದಿಯನ್ನು ಬೇರೆ ಮಾಡಿ, ಅವರ ಮನೆಯ ಬಾಗಿಲಿಗೆ ಹೋಗಿ ಕೇಳತಕ್ಕದ್ದು.